ಅಂಗಿಗೆ ತಕ್ಕ ಹುಡುಗ

ಮೊಬೈಲಿನಲ್ಲಿ ಅಂಗಿ ಕೊಳ್ಳುವಾಗ ಅದನ್ನು ತೊಟ್ಟು ನಿಂತ ಹುಡುಗನ ಮುಖ, ಎದೆ, ತೋಳು ಎಲ್ಲ ನೋಡುತ್ತೇವೆ. ಅವನ ಬೆನ್ನು ನೋಡಿದವರು ಕಡಿಮೆ. ನಾನು ನೋಡಿದ್ದೇನೆ. ಕೊರಳಪಟ್ಟಿಯ ಕೆಳಗಿನಿಂದ ಸೊಂಟದವರೆಗೆ ಸಾಲಾಗಿ ಐದು ಕ್ಲಿಪ್ಪು. ಆಫೀಸುಗಳಲ್ಲಿ ಕಾಗದದ ಕಟ್ಟಿಗೆ ಹಾಕುತ್ತಾರಲ್ಲ, ಕಪ್ಪು ಬಣ್ಣದ್ದು, ಅವೇ. ಹಿಂದಿನ ಸಡಿಲ ಬಟ್ಟೆಯನ್ನೆಲ್ಲ ಒಟ್ಟು ಮಾಡಿ ಕಚ್ಚಿಸಿದ್ದರು. ಮುಂದಿನಿಂದ ಮಾತ್ರ ಅವನಿಗೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗೆ ಕಾಣುತ್ತಿತ್ತು. ಕಾಲಲ್ಲಿದ್ದ ಹೊಸ ಶೂಗಳ ಅಡಿಗೆ ಕಾಗದದ ಟೇಪು ಅಂಟಿಸಿದ್ದರು. ನೆಲದ ಗುರುತು ಬೀಳದೆ ಅವು ಮತ್ತೆ ಪೆಟ್ಟಿಗೆ ಸೇರಬೇಕು. ಒಂದು ಅಂಗಿಗೆ ನಾಲ್ಕೈದು ಭಂಗಿ, ನಾಲ್ಕೈದು ನಿಮಿಷ. ಕಳಚು, ಮುಂದಿನದು ತೊಡು. ಸಂಜೆಯ ಹೊತ್ತಿಗೆ ನಲವತ್ತು ದಾಟಿತ್ತು.

ಆ ಬೆನ್ನು ನನ್ನ ಅಕ್ಕನ ಮಗನದು. ಊರು ಚಿತ್ರದುರ್ಗದ ಮಗ್ಗುಲಿನ ಮದಕರಿಪುರ. ಬೆಂಗಳೂರಿನ ಆ ಸ್ಟುಡಿಯೊದಲ್ಲಿ ಮೂಲೆಯ ಪ್ಲಾಸ್ಟಿಕ್ ಕುರ್ಚಿ ಹಿಡಿದು ಕುಳಿತಿದ್ದವನು ನಾನು. ಅವನಪ್ಪ, ಅಂದರೆ ನಮ್ಮ ಭಾವ, "ಒಬ್ಬನೇ ಹೋಗದು ಬ್ಯಾಡ, ಮಾಮನ್ನ ಕರಕೊಂಡು ಹೋಗು" ಎಂದು ಕಳಿಸಿದ್ದರು. ಮಾಡೆಲಿಂಗ್ ಎಂದರೆ ಕಣ್ಣು ಕೋರೈಸುವ ದೀಪ, ಚಪ್ಪಾಳೆ, ಪಾರ್ಟಿ ಎಂದುಕೊಂಡಿದ್ದ ನನಗೆ ಅಂದು ಕಂಡದ್ದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಒಂದು ಪಾಳಿ. ಅವನು ಮಾಡೆಲ್ ಆದ ಸುದ್ದಿ ಹಬ್ಬಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪರಿಚಯದವರು ಫೋನ್ ಮಾಡತೊಡಗಿದರು. ನಮ್ಮ ಹುಡುಗನೂ ಹಟ ಹಿಡಿದಿದ್ದಾನೆ, ಎಲ್ಲಿಂದ ಶುರು ಮಾಡಬೇಕು, ದುಡ್ಡೆಷ್ಟು ಕಟ್ಟಬೇಕು ಎಂದು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಎದೆ ಸಾಕು, ಅಳತೆ ನೋಡು

ನಮ್ಮ ಕಡೆ ಗಂಡುಹುಡುಗರ ಮೈಕಟ್ಟಿನ ಕಲ್ಪನೆ ಗರಡಿಮನೆಯಿಂದ ಬಂದದ್ದು. ಮದಕರಿ ನಾಯಕರ ಊರು. ಎದೆ ಉಬ್ಬಿರಬೇಕು, ತೋಳು ಕಂಬದಂತಿರಬೇಕು. ಈಗ ಗರಡಿಯ ಮಣ್ಣಿನ ಜಾಗಕ್ಕೆ ಜಿಮ್ಮಿನ ಕನ್ನಡಿ ಬಂದಿದೆ, ಆಸೆ ಹಳೆಯದೇ. ನನ್ನ ಅಳಿಯನೂ ಎರಡು ವರ್ಷ ಬೆವರು ಹರಿಸಿ ಎದೆಯನ್ನು 44 ಇಂಚಿಗೆ ತಂದಿದ್ದ. ಮೊದಲ ಆಯ್ಕೆಗೆ ಹೋದಾಗ ಅವರು ಕೊಟ್ಟ ಅಂಗಿಯ ಮೂರನೇ ಗುಂಡಿ ಕಾಜಕ್ಕೆ ಮುಟ್ಟಲೇ ಇಲ್ಲ. "ಥ್ಯಾಂಕ್ಯೂ" ಅಂದರು, ಅಷ್ಟೇ. ದುರ್ಗಕ್ಕೆ ಬರುವವರೆಗೂ ಬಸ್ಸಿನಲ್ಲಿ ಮಾತಿಲ್ಲ.

ಕಾರಣ ಸರಳ. ಬಟ್ಟೆ ಕಂಪನಿ ಸಾವಿರಗಟ್ಟಲೆ ಅಂಗಿ ಹೊಲಿಯುವ ಮೊದಲು ಮಾದರಿಗೆಂದು ಒಂದೆರಡು ಪೀಸು ಹೊಲಿಯುತ್ತದೆ. ಅದಕ್ಕೆ ಸ್ಯಾಂಪಲ್ ಅನ್ನುತ್ತಾರೆ. ಗಂಡಸರ ಸ್ಯಾಂಪಲ್ ಹೆಚ್ಚಾಗಿ 40ರ ಅಂಗಿ, 32ರ ಪ್ಯಾಂಟು. ಫೋಟೊ ತೆಗೆಯುವ ದಿನ ಇರುವುದು ಅದೊಂದೇ ಪೀಸು. ಸಡಿಲವಾದರೆ ಕ್ಲಿಪ್ಪು ಹಾಕಬಹುದು. ಬಿಗಿಯಾದರೆ ಯಾರೂ ಏನೂ ಮಾಡಲಾಗದು. ಮಾಡೆಲ್ ಇರುವುದು ಬಟ್ಟೆಗಾಗಿ ಎಂಬುದನ್ನು ನಮ್ಮ ಹುಡುಗರು ಮೊದಲು ಅರ್ಥ ಮಾಡಿಕೊಳ್ಳಬೇಕು. ನೋಡುವವನಿಗೆ ಹುಡುಗ ಇಷ್ಟವಾಗಿ ಅಂಗಿ ನೆನಪಿಲ್ಲದೆ ಹೋದರೆ ದುಡ್ಡು ಹಾಕಿದವನಿಗೆ ನಷ್ಟ.

ಹಾಗಾಗಿ ಮೊದಲ ಕೆಲಸ, ಹೊಲಿಯುವ ಟೇಪು ತಂದು ಅಳತೆ ಬರೆದಿಟ್ಟುಕೊಳ್ಳುವುದು. ಎತ್ತರವನ್ನು ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ಒತ್ತಿ, ತಲೆಯ ಮೇಲೆ ಪುಸ್ತಕ ಅಡ್ಡ ಹಿಡಿದು ಗುರುತು ಹಾಕಿ. ರ‍್ಯಾಂಪಿಗೆ ಆರಡಿ, ಅಂದರೆ 183 ಸೆಂಟಿಮೀಟರ್, ಅಥವಾ ಮೇಲಿದ್ದರೆ ಬಾಗಿಲು ತೆರೆಯುತ್ತದೆ. ಆನ್‌ಲೈನ್ ಕ್ಯಾಟಲಾಗಿಗೆ ಒಂದೆರಡು ಇಂಚು ಕಡಿಮೆಯಿದ್ದರೂ ನಡೆಯುತ್ತದೆ. ಜಾಹೀರಾತು ಚಿತ್ರಕ್ಕೆ ಎತ್ತರಕ್ಕಿಂತ ಮುಖ ಮುಖ್ಯ. ಎದೆ, ಸೊಂಟ, ಪೃಷ್ಠ, ಕೊರಳು, ತೋಳಿನುದ್ದ, ಒಳತೊಡೆಯಿಂದ ಪಾದದವರೆಗಿನ ಉದ್ದ, ಶೂ ನಂಬರು ಎಲ್ಲ ಬೇಕು. ಎದೆ 38ರಿಂದ 40, ಸೊಂಟ 30ರಿಂದ 32 ಇದ್ದರೆ ಸ್ಯಾಂಪಲ್ಲಿಗೆ ಸರಿಹೋಗುತ್ತದೆ. ಉಸಿರು ಎಳೆದು ಹಿಡಿದು ಅಳೆದುಕೊಳ್ಳಬೇಡಿ. ಸುಳ್ಳು ಅಳತೆ ಬರೆದವನ ಬಣ್ಣ ಮೊದಲ ಅಂಗಿಯಲ್ಲೇ ಬಯಲಾಗುತ್ತದೆ, ಮತ್ತೆ ಕರೆಯುವುದಿಲ್ಲ.

ಜಿಮ್ ಬೇಡವೆಂದಲ್ಲ. ಭುಜ ಅಗಲ, ಸೊಂಟ ಸಣ್ಣ, ನೆಟ್ಟಗಿನ ಬೆನ್ನು, ಇಷ್ಟಕ್ಕೆ ಬೇಕಾದಷ್ಟು ಮಾಡಿ ನಿಲ್ಲಿಸಬೇಕು. ಆಡುಮಲ್ಲೇಶ್ವರದ ದಾರಿಯಲ್ಲಿ ಬೆಳಿಗ್ಗೆ ಓಡುವುದು, ಮೊಟ್ಟೆ, ಕಡಲೆ, ಮುದ್ದೆ, ಹೆಸರುಕಾಳು, ಕಣ್ತುಂಬ ನಿದ್ದೆ ಸಾಕು. ಜಿಮ್ಮಿನಲ್ಲಿ ಯಾರಾದರೂ "ಒಂದು ಕೋರ್ಸ್ ಹಾಕಿಸ್ಕೋ, ಮೂರು ತಿಂಗಳಲ್ಲಿ ರೆಡಿ" ಎಂದು ಸೂಜಿ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅನಬಾಲಿಕ್ ಸ್ಟಿರಾಯ್ಡ್ ವೃಷಣ ಕುಗ್ಗಿಸುತ್ತದೆ, ಹೃದಯ ಮತ್ತು ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಕೆಲವರಿಗೆ ಎದೆ ಹೆಣ್ಣಿನಂತೆ ಉಬ್ಬುತ್ತದೆ. ಮೊಡವೆ ಬರುತ್ತದೆ, ಕೂದಲುದುರುತ್ತದೆ. ಯಾವ ವೃತ್ತಿಗಾಗಿ ಚುಚ್ಚಿಸಿಕೊಂಡನೋ ಆ ವೃತ್ತಿಯೇ ಅವನನ್ನು ಬೇಡ ಅನ್ನುತ್ತದೆ.

ಸುಣ್ಣದ ಗೋಡೆ ಸಾಕು

ಪೋರ್ಟ್‌ಫೋಲಿಯೊ ಮಾಡಿಸಬೇಕು, ಅದಕ್ಕೆ ಐವತ್ತು ಸಾವಿರ ಬೇಕು ಎಂದು ಮನೆಯಲ್ಲಿ ಜಗಳ ತೆಗೆದ ಹುಡುಗರನ್ನು ಬಲ್ಲೆ. ಏಜೆನ್ಸಿಯವರು ಮೊದಲು ನೋಡುವುದು ಅದನ್ನಲ್ಲ. ಅವರಿಗೆ ಬೇಕಾದದ್ದು 'ಡಿಜಿಟಲ್ಸ್'. ಮೇಕಪ್ಪಿಲ್ಲದ, ತಿದ್ದದ, ಮನೆಯಲ್ಲೇ ತೆಗೆದ ಸಾದಾ ಫೋಟೊ. ಹಿಂದೆ ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರಿಂದ ಹಳಬರು ಈಗಲೂ ಅದನ್ನು 'ಪೋಲರಾಯ್ಡ್ಸ್' ಎನ್ನುವುದುಂಟು. ಇದಕ್ಕೆ ನಮ್ಮೂರಿನ ಸುಣ್ಣ ಬಳಿದ ಗೋಡೆಗಿಂತ ಒಳ್ಳೆಯ ಹಿನ್ನೆಲೆಯಿಲ್ಲ.

ಅಳಿಯನ ಫೋಟೊ ತೆಗೆದವನು ನಾನೇ. ಮೊದಲ ಸಲ ನಡುಮಧ್ಯಾಹ್ನ ತೆಗೆದೆ. ದುರ್ಗದ ಬಿಸಿಲು ನಿಮಗೆ ಗೊತ್ತಲ್ಲ, ಕಣ್ಣಿನ ಗುಳಿಯಲ್ಲಿ ಇದ್ದಿಲು ತುಂಬಿದ ಹಾಗೆ ನೆರಳು ಬಿತ್ತು. ಎರಡನೇ ಸಲ ಬೆಳಿಗ್ಗೆ ಎಂಟಕ್ಕೆ, ನೆರಳು ಬಿದ್ದ ಗೋಡೆಗೆ ಅವನನ್ನು ನಿಲ್ಲಿಸಿ ತೆಗೆದಾಗ ಸರಿಬಂತು. ಫೋನನ್ನು ಅವನ ಎದೆಯ ಮಟ್ಟಕ್ಕೆ ಹಿಡಿದು ಹತ್ತು ಹನ್ನೆರಡು ಅಡಿ ದೂರ ನಿಲ್ಲಬೇಕು. ಹತ್ತಿರ ನಿಂತರೆ ಮೂಗು ದೊಡ್ಡದಾಗಿ ಕಾಲು ಗಿಡ್ಡವಾಗುತ್ತದೆ. ಬರಹವಿಲ್ಲದ ಬಿಳಿ ಅಥವಾ ಕಪ್ಪು ಟೀ ಶರ್ಟು, ಜೀನ್ಸ್, ಬರಿಗಾಲು. ಪೂರ್ತಿ ಮೈ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಮುಖ ನೇರವಾಗಿ, ಎಡಕ್ಕೆ, ಬಲಕ್ಕೆ. ಒಂದು ನಗು, ಒಂದು ನಗುವಿಲ್ಲದ್ದು. ಜೊತೆಗೆ ಅರ್ಧ ನಿಮಿಷದ ವಿಡಿಯೊ: ನಡೆದು ಬಂದು ಹೆಸರು, ವಯಸ್ಸು, ಎತ್ತರ, ಊರು ಹೇಳುವುದು. ಫಿಲ್ಟರ್ ಹಾಕಿದರೆ ಕೆಟ್ಟಿತು.

ಅವನ ಮಣಿಕಟ್ಟಿನಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದಾರವಿತ್ತು, ಅಕ್ಕ ಕಟ್ಟಿದ್ದು. ಫೋಟೊದಲ್ಲಿ ಅದು ಬರಬಾರದು ಎಂದಾಗ ಅಕ್ಕನ ಮುಖ ಸಣ್ಣದಾಯಿತು. ಕೊನೆಗೆ ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡ. ಈಗಲೂ ಶೂಟಿಂಗ್ ದಿನ ಅಲ್ಲೇ ಇರುತ್ತದೆ. ಉಂಗುರ, ಕಡಗ, ಹಚ್ಚೆ, ಕಿವಿಯ ಟಿಕ್ಕಿ ಎಲ್ಲಕ್ಕೂ ಇದೇ ಮಾತು. ಹಚ್ಚೆ ಹಾಕಿಸುವ ಮುಂಚೆ ಹತ್ತು ಸಲ ಯೋಚಿಸಿ. ಕ್ಯಾಟಲಾಗಿನವರಿಗೆ ಅದು ಪ್ರತಿ ಫೋಟೊದಲ್ಲೂ ಅಳಿಸಬೇಕಾದ ಕಲೆ.

ಕೆಲಸ ಸಿಕ್ಕಿದ ಮೇಲೆ ನಾಲ್ಕಾರು ಒಳ್ಳೆಯ ಫೋಟೊ ಬೇಕಾಗುತ್ತವೆ. ಅದಕ್ಕೂ ದುಡ್ಡು ಸುರಿಯಬೇಕಿಲ್ಲ. ಫೋಟೊಗ್ರಫಿ ಕಲಿಯುತ್ತಿರುವವರಿಗೂ ಮಾಡೆಲ್ ಬೇಕು. ಇಬ್ಬರೂ ಪರಸ್ಪರ ದುಡ್ಡು ಕೇಳದೆ ತೆಗೆದುಕೊಳ್ಳುವ ಪದ್ಧತಿಗೆ 'ಟೆಸ್ಟ್ ಶೂಟ್' ಅನ್ನುತ್ತಾರೆ. ದುರ್ಗದ ಕೋಟೆಯಲ್ಲಿ ತೆಗೆದರೆ ಚೆಂದ ಎಂದು ಎಲ್ಲರಿಗೂ ಹೊಳೆಯುತ್ತದೆ. 1972ರ 'ನಾಗರಹಾವು' ಚಿತ್ರದಿಂದ ಆ ಬಂಡೆಗಳಿಗೆ ಆ ಹುಚ್ಚು ಹತ್ತಿದೆ. ಆದರೆ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಿತ ಸ್ಮಾರಕ. ಫೋನಿನಲ್ಲಿ ಕ್ಲಿಕ್ಕಿಸಿಕೊಂಡರೆ ಕೇಳುವವರಿಲ್ಲ. ಸ್ಟ್ಯಾಂಡು, ಲೈಟು, ಬಟ್ಟೆಯ ಗಂಟು ಹೊತ್ತು ಹೋದರೆ ಅನುಮತಿ ಪತ್ರ ಕೇಳುತ್ತಾರೆ. ಜೋಗಿಮಟ್ಟಿಗೆ ಅರಣ್ಯ ಇಲಾಖೆಯನ್ನು ಕೇಳಬೇಕು. ವಾಣಿವಿಲಾಸ ಸಾಗರದ ಅಣೆಕಟ್ಟೆಯ ಮೇಲೆ ಮಾತ್ರ ಸಾಹಸ ಬೇಡ.

ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ

ಈ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಮೋಸ ತಪ್ಪುತ್ತದೆ. ಕೆಲಸ ಮಾಡುವವನು ನೀನು. ದುಡ್ಡು ನಿನ್ನ ಕಡೆಗೆ ಬರಬೇಕು. ನಿನ್ನಿಂದ ಹೊರಟರೆ ಅದು ಕೆಲಸವಲ್ಲ, ವ್ಯಾಪಾರ. ಸರಕು ನೀನೇ.

ನಮ್ಮ ಹುಡುಗನೂ ಒಮ್ಮೆ ಬಿದ್ದ. ಇನ್‌ಸ್ಟಾಗ್ರಾಮಿನಲ್ಲಿ ಸಂದೇಶ ಬಂತು: ನಿಮ್ಮ ಫೋಟೊ ನೋಡಿದೆವು, ರಾಜ್ಯಮಟ್ಟದ ಸ್ಪರ್ಧೆಗೆ ಆಯ್ಕೆಯಾಗಿದ್ದೀರಿ. ಪಕ್ಕದ ಜಿಲ್ಲೆಯ ಒಂದು ಹೋಟೆಲಿನ ಹಾಲಿನಲ್ಲಿ 'ಆಡಿಷನ್'. ನೋಂದಣಿ ಶುಲ್ಕ, ಆಮೇಲೆ ಗ್ರೂಮಿಂಗ್ ಶುಲ್ಕ, ಆಮೇಲೆ ಬಟ್ಟೆಯ ಶುಲ್ಕ. ಅವತ್ತು ಅಲ್ಲಿಗೆ ಬಂದವರಲ್ಲಿ ಒಬ್ಬನೂ ನಪಾಸಾಗಿರಲಿಲ್ಲ. ಅನುಮಾನ ಬರಬೇಕಾದ್ದು ಅಲ್ಲೇ. ಕೊನೆಗೆ ಕೈಗೆ ಬಂದದ್ದು ಒಂದು ರಟ್ಟಿನ ಪ್ರಮಾಣಪತ್ರ, ಹೆಗಲಿಗೆ ಅಡ್ಡ ಹಾಕುವ ಸ್ಯಾಟಿನ್ ಪಟ್ಟಿ. ಪಟ್ಟಿಯನ್ನು ಅಕ್ಕ ಈಗ ಮಿಕ್ಸಿಗೆ ಮುಚ್ಚುವ ಬಟ್ಟೆ ಮಾಡಿಕೊಂಡಿದ್ದಾಳೆ.

ನೆಟ್ಟಗಿನ ಏಜೆನ್ಸಿ ನೋಂದಣಿಗೆ ಹಣ ಕೇಳುವುದಿಲ್ಲ. ಕೆಲಸ ಕೊಡಿಸಿ, ಬಂದ ಸಂಭಾವನೆಯಲ್ಲಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಅದು ಸಾಮಾನ್ಯವಾಗಿ ನೂರಕ್ಕೆ 20ರಿಂದ 30. ಹಾಗೆಂದು ಎಲ್ಲ ಸ್ಪರ್ಧೆಯೂ ಬೊಗಳೆಯಲ್ಲ. ಜಾನ್ ಅಬ್ರಹಾಂ 1999ರಲ್ಲಿ ಗ್ಲ್ಯಾಡ್‌ರ‍್ಯಾಗ್ಸ್ ಸ್ಪರ್ಧೆ ಗೆದ್ದು ಮೇಲೆ ಬಂದವನು. ಹೈದರಾಬಾದಿನ ರೋಹಿತ್ ಖಂಡೇಲ್‌ವಾಲ್ 2016ರ ಜುಲೈ 19ರಂದು ಇಂಗ್ಲೆಂಡಿನ ಸೌತ್‌ಪೋರ್ಟಿನಲ್ಲಿ ಮಿಸ್ಟರ್ ವರ್ಲ್ಡ್ ಆದಾಗ ಏಷ್ಯಾದಿಂದ ಆ ಪಟ್ಟ ಗೆದ್ದ ಮೊದಲಿಗನಾಗಿದ್ದ. ಆದರೆ ಅಂಥ ಸ್ಪರ್ಧೆಗಳಲ್ಲಿ ಸಾವಿರ ಜನ ಹೋಗಿ ಹತ್ತು ಜನ ಉಳಿಯುತ್ತಾರೆ. ಎಲ್ಲರೂ ಪಾಸಾಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಗಂಡುಹುಡುಗರ ಮನೆಯವರು ಕೇಳಿಸಿಕೊಳ್ಳುವುದೇ ಇಲ್ಲ. "ಅವನಿಗೇನು, ಗಂಡುಹುಡುಗ" ಎನ್ನುತ್ತಾರೆ. ಒಳಉಡುಪಿನ ಜಾಹೀರಾತಿಗೆಂದು ಬಟ್ಟೆಯಿಲ್ಲದ ಫೋಟೊ ಕಳಿಸು ಎಂದು ಕೇಳುವುದು, ಕಳಿಸಿದ ಮೇಲೆ ಅದನ್ನೇ ಇಟ್ಟುಕೊಂಡು ಹಣಕ್ಕೆ ಪೀಡಿಸುವುದು, ರಾತ್ರಿ ಹೋಟೆಲ್ ರೂಮಿಗೆ 'ಮೀಟಿಂಗ್' ಕರೆಯುವುದು ಹುಡುಗರಿಗೂ ನಡೆಯುತ್ತದೆ. 2018ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಹಲವು ಪುರುಷ ಮಾಡೆಲ್‌ಗಳು ಜಗತ್ತಿನ ಇಬ್ಬರು ಹೆಸರಾಂತ ಛಾಯಾಗ್ರಾಹಕರ ಮೇಲೆ ಲೈಂಗಿಕ ಶೋಷಣೆಯ ಆರೋಪ ಹೊರಿಸಿದರು, ಅವರಿಬ್ಬರೂ ನಿರಾಕರಿಸಿದರು. ಅಲ್ಲಿಯವರೆಗೆ ಈ ವಿಷಯ ಬಾಯಿಗೆ ಬಂದದ್ದೇ ಕಡಿಮೆ. ನಮ್ಮ ಕಾನೂನಿನಲ್ಲಿ ಅತ್ಯಾಚಾರಕ್ಕೆ ಒಳಗಾದವರು ಎಂದರೆ ಹೆಣ್ಣು ಎಂದಷ್ಟೇ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಗಂಡಸಿನ ಮೇಲಿನ ಬಲಾತ್ಕಾರಕ್ಕೂ ಅನ್ವಯಿಸುತ್ತಿದ್ದ ಹಳೆಯ 377ನೇ ಕಲಮೂ ಇಲ್ಲ. ಆದರೂ ಬೆದರಿಸಿ ಹಣ ಕೀಳುವುದು, ಖಾಸಗಿ ಚಿತ್ರ ಹಂಚುವುದು, ಕೂಡಿ ಹಾಕುವುದು, ಹೊಡೆಯುವುದು ಅಪರಾಧಗಳೇ. ಹದಿನೆಂಟು ತುಂಬದವನಾದರೆ 2012ರ ಪೋಕ್ಸೊ ಕಾಯ್ದೆ ಗಂಡುಹುಡುಗನಿಗೂ ಹೆಣ್ಣಿನಷ್ಟೇ ರಕ್ಷಣೆ ಕೊಡುತ್ತದೆ. ಆನ್‌ಲೈನಿನಲ್ಲಿ ಹಣ ಹೋಯಿತು ಅಥವಾ ಪೀಡಿಸುತ್ತಿದ್ದಾರೆ ಎಂದಾಗ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡಮಾಡದೆ ತಿಳಿಸಿದರೆ ಖಾತೆಯಿಂದ ಖಾತೆಗೆ ಹಾರುತ್ತಿರುವ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಟ್ಟರೆ ಪೀಡಿಸುವವನಿಗೆ ಲಾಭ. ಮಗ ಬಂದು ಹೇಳಿದರೆ ಅಪ್ಪಂದಿರು ಆವತ್ತೊಂದು ದಿನ ಬೈಯದೆ ಇರಲಿ.

ಕೆಲಸ ಇರುವುದೆಲ್ಲಿ

ಫ್ಯಾಷನ್ ಎಂದರೆ ಮುಂಬೈ ಎನ್ನುವ ಕಾಲವಿತ್ತು. ಗಂಡಸರ ಬಟ್ಟೆಯ ಮಟ್ಟಿಗೆ ನಮಗೊಂದು ಅನುಕೂಲವಿದೆ. ಲೂಯಿ ಫಿಲಿಪ್, ವ್ಯಾನ್ ಹ್ಯೂಸನ್, ಅಲೆನ್ ಸಾಲಿ, ಪೀಟರ್ ಇಂಗ್ಲೆಂಡ್ ಎಂಬ ನಾಲ್ಕೂ ಅಂಗಿಗಳ ಹಿಂದಿರುವ ಮದುರಾ ಸಂಸ್ಥೆಯ ಕೇಂದ್ರ ಬೆಂಗಳೂರು. ಆ್ಯರೋ ಮಾರುವ ಅರವಿಂದ್ ಫ್ಯಾಷನ್ಸ್ ಕೂಡ ಅಲ್ಲಿನದೇ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿಂತ್ರಾ ಮೊದಲು ಹೆಸರು ಮುದ್ರಿಸಿದ ಉಡುಗೊರೆ ಮಾರುತ್ತಿತ್ತು, ಆಮೇಲೆ ಬಟ್ಟೆಗಿಳಿಯಿತು. ಆನ್‌ಲೈನ್ ಅಂಗಡಿಗಳು ಬಂದ ಮೇಲೆ ಪ್ರತಿ ಅಂಗಿಗೂ ಒಂದು ಮೈ ಬೇಕಾಯಿತು. ಮೊದಲೆಲ್ಲ ವರ್ಷಕ್ಕೆ ನಾಲ್ಕು ಹೋರ್ಡಿಂಗಿಗೆ ಒಬ್ಬ ಮಾಡೆಲ್ ಸಾಕಿತ್ತು, ಈಗ ದಿನಾ ಬೇಕು. ನನ್ನ ಅಳಿಯನಿಗೆ ಅನ್ನ ಕೊಟ್ಟಿರುವುದು ಈ ಕೆಲಸವೇ. ಹೆಸರು ಬರುವುದಿಲ್ಲ, ಮುಖವನ್ನೂ ಎಷ್ಟೋ ಸಲ ಗದ್ದಕ್ಕೇ ಕತ್ತರಿಸಿರುತ್ತಾರೆ.

ಇದಕ್ಕಿಂತಲೂ ಸದ್ದಿಲ್ಲದ ಕೆಲಸವೊಂದಿದೆ, ಫಿಟ್ ಮಾಡೆಲ್. ಕ್ಯಾಮೆರಾ ಇಲ್ಲ, ದೀಪವಿಲ್ಲ. ಬಟ್ಟೆ ಕಂಪನಿಯ ಆಫೀಸಿಗೆ ಹೋಗಿ ಸ್ಯಾಂಪಲ್ ತೊಟ್ಟು ನಿಲ್ಲಬೇಕು. ಮಾಸ್ಟರ್ ಪಿನ್ನು ಹಿಡಿದು ಸುತ್ತ ತಿರುಗುತ್ತಾರೆ. "ಕೈ ಎತ್ತಿ. ಕುಂತ್ಕೊಳ್ಳಿ. ಕಂಕುಳ ಹಿಡಿಯುತ್ತಾ?" ಎಂದು ಕೇಳುತ್ತಾರೆ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಉಬ್ಬುತ್ತದೆ ಎಂದು ಸರಿಯಾಗಿ ಹೇಳಲು ಬಂದವನಿಗೆ ವಾರ ವಾರ ಕರೆ ಬರುತ್ತದೆ. ಬೇಕಾದದ್ದು ಚೆಲುವಲ್ಲ, ತಿಂಗಳುಗಟ್ಟಲೆ ಬದಲಾಗದ ಅಳತೆ. ಹಬ್ಬದ ಹೋಳಿಗೆ ತಿಂದು ಅರ್ಧ ಇಂಚು ಏರಿದರೆ ಹೋಯಿತು. ನನಗೆ ಕೇಳಿದರೆ ನಮ್ಮ ಕಡೆಯ ಶಿಸ್ತಿನ ಹುಡುಗರಿಗೆ ಹೇಳಿ ಮಾಡಿಸಿದ ಕೆಲಸವಿದು.

ರ‍್ಯಾಂಪ್ ಎಲ್ಲರ ಕನಸು, ಕೆಲಸದ ದಿನ ಮಾತ್ರ ಕಡಿಮೆ. ಲ್ಯಾಕ್ಮೆ ಹೆಸರಿನ ಫ್ಯಾಷನ್ ವಾರ ಶುರುವಾದದ್ದು 2000ದಲ್ಲಿ. ಗಂಡಸರ ಬಟ್ಟೆಗೆಂದೇ ಪ್ರತ್ಯೇಕ ವಾರ ದೆಹಲಿಯಲ್ಲಿ ನಡೆಯಲು 2009 ಬರಬೇಕಾಯಿತು. ಬೆಂಗಳೂರಿನಲ್ಲಿ ಈ ವಿದ್ಯೆಗೆ ದೊಡ್ಡ ಹೆಸರು ಕೊಡಗು ಮೂಲದ ಪ್ರಸಾದ್ ಬಿದ್ದಪ್ಪ. ದೀಪಿಕಾ ಪಡುಕೋಣೆ ಮೊದಲಾದವರು ಅವರ ಕೈಯಲ್ಲಿ ಪಳಗಿದವರು. ಹೊಸಬರಿಗೆ ನಾನು ತೋರಿಸುವ ದಾರಿ ಎಚ್‌ಎಸ್‌ಆರ್ ಬಡಾವಣೆಯ ನಿಫ್ಟ್. 1997ರಲ್ಲಿ ಶುರುವಾದ ಈ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ತಾವು ಹೊಲಿದ ಬಟ್ಟೆಗಳನ್ನು ತೋರಿಸಬೇಕು, ಫೋಟೊ ತೆಗೆಸಬೇಕು. ಅವರ ಹತ್ತಿರ ದುಡ್ಡಿಲ್ಲ, ನಿಮ್ಮ ಹತ್ತಿರ ಫೋಟೊ ಇಲ್ಲ. ಸೇರಿ ಕೆಲಸ ಮಾಡಿದರೆ ಇಬ್ಬರಿಗೂ ಪ್ರಯೋಜನ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆಯನ್ನೋ ಚಳ್ಳಕೆರೆ ಕಂಬಳಿಯನ್ನೋ ಯಾರಾದರೂ ಅಂಥ ಹುಡುಗಿಯೊಬ್ಬಳು ಗಂಡಸಿನ ಉಡುಪಿಗೆ ತಂದಾಳು, ದುರ್ಗದ ಹುಡುಗನೇ ಅದನ್ನು ಹೊದ್ದು ನಡೆದಾನು ಎಂಬ ಆಸೆ ನನಗೆ. ಕಂಬಳಿ ಹೊದ್ದವನ ಗತ್ತು ಸೂಟು ಹಾಕಿದವನಿಗೆ ಬರುವುದಿಲ್ಲ.

ನಡಿಗೆಯನ್ನು ಮನೆಯಲ್ಲೇ ಕಲಿಯಬಹುದು. ಮಾಳಿಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎದುರು ಫೋನಿಟ್ಟು ನಡೆಯಿರಿ. ಭುಜ ಹಗುರ, ಕಣ್ಣು ನೇರ, ಕೈ ಬೀಸು ಸಹಜ. ತುದಿಗೆ ಬಂದು ಎರಡು ಮೂರು ಕ್ಷಣ ನಿಂತು ತಿರುಗಬೇಕು. ಆ ಎರಡು ಕ್ಷಣದಲ್ಲೇ ಫೋಟೊ ಬೀಳುವುದು. ಗಂಡಸರ ನಡಿಗೆಯಲ್ಲಿ ಸೊಂಟ ಆಡಬಾರದು, ಎದೆಯುಬ್ಬಿಸಿ ಮೆರವಣಿಗೆಯೂ ಆಗಬಾರದು. ಬಸ್‌ಸ್ಟ್ಯಾಂಡಿನಲ್ಲಿ ಹೊರಟ ಬಸ್ಸು ಹಿಡಿಯಬೇಕು, ಆದರೆ ಓಡಬಾರದು, ಅಷ್ಟು ಚುರುಕು ಸಾಕು.

ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುವವರಿದ್ದಾರೆ. ಶೂಟಿಂಗಿನಲ್ಲಿ ಬಳಸುವುದು ಮೂವತ್ತು ಮಾತು. ಚಿನ್ ಡೌನ್, ಪ್ರೊಫೈಲ್, ಥ್ರೀ ಫೋರ್ತ್, ಹೋಲ್ಡ್, ರಿಲ್ಯಾಕ್ಸ್, ಒನ್ಸ್ ಮೋರ್. ವಾರದಲ್ಲಿ ಕಿವಿಗೆ ಹತ್ತುತ್ತವೆ. ಜಾಹೀರಾತು ಚಿತ್ರಗಳಿಗೆ ಸ್ಪಷ್ಟ ಕನ್ನಡ ಮಾತಾಡುವ ಹುಡುಗ ಸಿಕ್ಕರೆ ಅವರಿಗೇ ಲಾಭ. ದಾವಣಗೆರೆ, ಹುಬ್ಬಳ್ಳಿಯ ಬಟ್ಟೆ ಅಂಗಡಿ, ಒಡವೆ ಅಂಗಡಿಗಳ ಮದುಮಗನ ವೇಷಕ್ಕೂ ಹುಡುಗರು ಬೇಕು. ದುರ್ಗದಿಂದ ದಾವಣಗೆರೆ ಒಂದು ಗಂಟೆಯ ದಾರಿ. ಅಲ್ಲಿಂದ ಶುರು ಮಾಡಿದರೆ ಅವಮಾನವೇನಿಲ್ಲ.

ಮೊದಲ ದಿನವೇ ಗಂಟು ಕಟ್ಟಿ ಬೆಂಗಳೂರಿನಲ್ಲಿ ಪಿಜಿ ಹಿಡಿಯಬೇಡಿ. ದುರ್ಗದಿಂದ 200 ಕಿಲೋಮೀಟರ್, ಹಿರಿಯೂರಿನಿಂದ ಇನ್ನೂ ಹತ್ತಿರ. ರಾತ್ರಿ ಬಸ್ಸು ಹತ್ತಿ ಬೆಳಗಿನ ಕರೆಗೆ ಹೋಗಿ ಸಂಜೆ ಹೊರಡಬಹುದು. ಹೊಳಲ್ಕೆರೆಯವರಿಗೆ ಚಿಕ್ಕಜಾಜೂರು ಜಂಕ್ಷನ್, ಹೊಸದುರ್ಗದವರಿಗೆ ಹೊಸದುರ್ಗ ರೋಡ್ ಸ್ಟೇಷನ್ನಿನ ರೈಲಿದೆ. ತಿಂಗಳಲ್ಲಿ ಹತ್ತು ದಿನದ ಕೆಲಸ ಮೂರು ತಿಂಗಳು ಸತತ ಬಂದರೆ ಆಮೇಲೆ ಬಾಡಿಗೆಯ ಮಾತು.

ಕಾಗದದಲ್ಲಿ ಬರೆದದ್ದು, ಬರೆಯದ್ದು

ಹೊಸಬನಿಗೆ ದಿನಕ್ಕೆ ಕೆಲವು ಸಾವಿರ ಸಿಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಕೊಡುವ ಕೆಲವೇ ವೃತ್ತಿಗಳಲ್ಲಿ ಇದೊಂದು, ಅದನ್ನು ನುಂಗಿಕೊಳ್ಳಬೇಕು. ದಿನ ಎಂದರೆ ಎಂಟು ಗಂಟೆಯೋ ಹತ್ತೋ, ಹೆಚ್ಚಾದರೆ ಏನು, ಪ್ರಯಾಣದ ಖರ್ಚು ಯಾರದು ಎಂಬುದನ್ನು ಒಪ್ಪುವ ಮೊದಲೇ ವಾಟ್ಸ್‌ಆ್ಯಪಿನಲ್ಲಾದರೂ ಬರೆಸಿಕೊಳ್ಳಿ. ಹಣ ಕೈಗೆ ಬರಲು ಒಂದೂವರೆ ತಿಂಗಳಿನಿಂದ ಮೂರು ತಿಂಗಳಾಗುವುದು ಮಾಮೂಲು. ಅಷ್ಟು ದಿನ ತಡೆದುಕೊಳ್ಳುವ ಶಕ್ತಿ ಜೇಬಿಗಿರಬೇಕು.

ಸಂಭಾವನೆಯಲ್ಲಿ ಎರಡು ಭಾಗವಿದೆ. ದಿನದ ಕೂಲಿ ಒಂದು, ಫೋಟೊ ಬಳಸುವ ಹಕ್ಕು ಇನ್ನೊಂದು. ಎಷ್ಟು ವರ್ಷ, ಯಾವ ಊರುಗಳಲ್ಲಿ, ಹೋರ್ಡಿಂಗಿಗೋ ಮೊಬೈಲಿಗೋ ಟೀವಿಗೋ? ಇದನ್ನು ಬರೆಸದೆ ಸಹಿ ಹಾಕಿದ ಹುಡುಗನೊಬ್ಬ ಮದುಮಗನ ಪೇಟ ಸುತ್ತಿಕೊಂಡು ಮೂರು ವರ್ಷ ಬಸ್ಸಿನ ಬೆನ್ನ ಮೇಲೆ ತಿರುಗಿದ. ಸಿಕ್ಕಿದ್ದು ಒಂದು ದಿನದ ಕೂಲಿ. ಅಷ್ಟರಲ್ಲಿ ಅವನಿಗೆ ನಿಜವಾದ ಮದುವೆಯೇ ಆಗಿತ್ತು.

ಈಗ ಹೊಸದೊಂದು ಸೇರಿದೆ. 2025ರಲ್ಲಿ ಸ್ವೀಡನ್ನಿನ ಎಚ್ ಆ್ಯಂಡ್ ಎಂ ಕಂಪನಿ 30 ಮಾಡೆಲ್‌ಗಳ ಎಐ ಪ್ರತಿರೂಪ ಮಾಡುವುದಾಗಿ, ಅದರ ಹಕ್ಕು ಆಯಾ ಮಾಡೆಲ್‌ಗಳದೇ ಎಂದು ಹೇಳಿತು. ಎಲ್ಲರೂ ಹಾಗೆ ಹೇಳುವುದಿಲ್ಲ. ಒಮ್ಮೆ ಮೈಯನ್ನು ಎಲ್ಲ ಕೋನದಿಂದ ಹಿಡಿದಿಟ್ಟುಕೊಂಡರೆ ಮುಂದಿನ ನಲವತ್ತು ಅಂಗಿಗೆ ಹುಡುಗನನ್ನು ಕರೆಯುವ ಅಗತ್ಯವೇ ಇಲ್ಲ. ಒಪ್ಪಂದದಲ್ಲಿ ಎಐ ಬಳಕೆಗೆ ಒಪ್ಪಿಗೆಯಿಲ್ಲ, ಬೇಕಿದ್ದರೆ ಬೇರೆ ಹಣ, ಬೇರೆ ಕಾಗದ ಎಂದು ಬರೆಸಿ. ಈ ಕ್ಯಾಟಲಾಗಿನ ಕೆಲಸ ಇನ್ನೆಷ್ಟು ದಿನವೋ ಎಂಬ ಅಳುಕು ನನಗಿದೆ. ಆದರೆ ಕಂಕುಳ ಹಿಡಿಯುತ್ತದೆ ಎಂದು ಕಂಪ್ಯೂಟರ್ ಹೇಳುವ ಕಾಲ ಸದ್ಯಕ್ಕೆ ಬಂದಿಲ್ಲ.

ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ, ಬಿಲ್ ಬರೆಯುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ. ಕಂಪನಿಗಳು ಸಾಮಾನ್ಯವಾಗಿ ನೂರಕ್ಕೆ 10 ಟಿಡಿಎಸ್ ಹಿಡಿದು ಕೊಡುತ್ತವೆ. ಪ್ಯಾನ್ ಇಲ್ಲದಿದ್ದರೆ 20. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಎಷ್ಟೋ ಹುಡುಗರು ಇದು ಗೊತ್ತಿಲ್ಲದೆ ಬಿಟ್ಟುಬಿಡುತ್ತಾರೆ.

ಬಣ್ಣ

ಇದನ್ನು ಬರೆಯದೆ ಇರಲಾರೆ. ನಮ್ಮ ಹುಡುಗರು ಮೊದಲು ಕೇಳುವುದೇ "ಮಾಮ, ನಾನು ಕಪ್ಪು, ತಗೋತಾರಾ?" ಎಂದು. ಗಂಡಸರ ಬಿಳುಪಿಗೆಂದೇ ಫೇರ್ ಆ್ಯಂಡ್ ಹ್ಯಾಂಡ್‌ಸಮ್ ಕ್ರೀಮು ಬಂದದ್ದು 2005ರಲ್ಲಿ. ಕಪ್ಪಿನವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಫೇರ್ ಆ್ಯಂಡ್ ಲವ್ಲಿ ತನ್ನ ಹೆಸರಿನಿಂದ ಫೇರ್ ಕಿತ್ತುಹಾಕಿತು. ತಾರತಮ್ಯ ಹೋಗಿಲ್ಲ. ಮದುಮಗನ ಜಾಹೀರಾತಿನಲ್ಲಿ ಇನ್ನೂ ಗಟ್ಟಿಯಾಗಿದೆ. ರ‍್ಯಾಂಪಿನಲ್ಲಿ ಮಾತ್ರ ಕಪ್ಪು ಮೈಗೆ ಬೇಡಿಕೆಯಿದೆ, ಏಕೆಂದರೆ ಅದರ ಮೇಲೆ ಬಟ್ಟೆಯ ಬಣ್ಣ ಎದ್ದು ಕಾಣುತ್ತದೆ. ಅಪಾಯವಿರುವುದು ಮೆಡಿಕಲ್ ಶಾಪಿನಲ್ಲಿ. ಬೆಟಮೆಥಸೋನ್, ಕ್ಲೋಬೆಟಾಸಾಲ್ ಇರುವ ಮುಲಾಮನ್ನು ಬಿಳುಪಾಗಲು ಹಚ್ಚುವವರಿದ್ದಾರೆ. ಮೊದಲ ವಾರ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲಿಗೆ ಉರಿಯುತ್ತದೆ, ಬಿಟ್ಟರೆ ಮೊಡವೆ ಏಳುತ್ತವೆ. 2018ರಲ್ಲಿ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರ್ಕಾರ ನಿಯಮ ತಂದಿದೆ. ಬಿಸಿಲಿಗೆ ಸನ್‌ಸ್ಕ್ರೀನು, ದಿನಾ ಸಾಕಷ್ಟು ನೀರು, ಇಷ್ಟು ಸಾಕು.

ಎರಡನೇ ಬೆಳೆ

ಮಾಡೆಲಿಂಗಿನಿಂದ ಸಿನಿಮಾಕ್ಕೆ ಎಂಬ ಲೆಕ್ಕ ಎಲ್ಲ ಹುಡುಗರ ತಲೆಯಲ್ಲೂ ಇರುತ್ತದೆ. ಸಾಗರದಲ್ಲಿ ಹುಟ್ಟಿದ ದಿಗಂತ್ ಹಾಗೆ ಬಂದವರು, ಬೆಂಗಳೂರಿನ ಡೀನೋ ಮೊರಿಯಾ ಹಾಗೆ ಬಂದವರು. ಬಾರದವರ ಹೆಸರು ನಮಗೆ ಗೊತ್ತಿಲ್ಲ, ಅಷ್ಟೇ. ನಾನು ಹುಡುಗರಿಗೆ ಇನ್ನೊಂದು ವಿವರ ತೋರಿಸುತ್ತೇನೆ. ಜಾನ್ ಅಬ್ರಹಾಂ ಸ್ಪರ್ಧೆಗೆ ಹೋಗುವ ಮೊದಲು ಎಂಬಿಎ ಓದಿ ಜಾಹೀರಾತು ಕಂಪನಿಯಲ್ಲಿ ಕೆಲಸದಲ್ಲಿದ್ದ. ಮಿಲಿಂದ್ ಸೋಮನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದ್ದ, ರಾಷ್ಟ್ರಮಟ್ಟದ ಈಜುಗಾರನಾಗಿದ್ದ. ದುರ್ಗದ ಕಡೆಯ ರೈತ ಈರುಳ್ಳಿಯೊಂದನ್ನೇ ನಂಬಿ ಕೂರುವುದಿಲ್ಲ, ಪಕ್ಕದಲ್ಲಿ ಶೇಂಗಾ ಹಾಕಿರುತ್ತಾನೆ. ಡಿಗ್ರಿ ಮುಗಿಸದೆ ಹೊರಡಬೇಡಿ.

ಸಮಾಧಾನದ ಸಂಗತಿಯೆಂದರೆ ಈ ವೃತ್ತಿಯಲ್ಲಿ ಗಂಡಸಿಗೆ ವಯಸ್ಸು ಅಷ್ಟು ಬೇಗ ಮುಗಿಯುವುದಿಲ್ಲ. ತಲೆ ನರೆತರೆ ಆಸ್ಪತ್ರೆ, ವಿಮೆ, ಅಪಾರ್ಟ್‌ಮೆಂಟಿನ ಜಾಹೀರಾತಿಗೆ ಅಪ್ಪನ ಪಾತ್ರ ಕಾದಿರುತ್ತದೆ. 1965ರಲ್ಲಿ ಹುಟ್ಟಿದ ಮಿಲಿಂದ್ ಅರವತ್ತರ ಹೊತ್ತಿಗೂ ಮಾಡೆಲ್ಲೇ. 2022ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ಅರವತ್ತು ವರ್ಷದ ಕೂಲಿಕಾರ ಮಮ್ಮಿಕ್ಕ ಫೋಟೊಗ್ರಾಫರೊಬ್ಬರ ಕಣ್ಣಿಗೆ ಬಿದ್ದು ಸೂಟು, ಕಪ್ಪು ಕನ್ನಡಕದಲ್ಲಿ ದೇಶವೆಲ್ಲ ಕಾಣಿಸಿಕೊಂಡರು. ಅಂಥದ್ದು ಬೇಕೆಂದರೆ ಬರುವುದಿಲ್ಲ, ಬಂದರೆ ಬೇಡವೆನ್ನುವುದೂ ಇಲ್ಲ.

ಅಳಿಯ ಈಗ ವಾರಕ್ಕೆ ಎರಡು ದಿನ ಒಂದು ಕಂಪನಿಗೆ ಫಿಟ್ ಮಾಡೆಲ್, ತಿಂಗಳಿಗೆ ಐದಾರು ದಿನ ಕ್ಯಾಟಲಾಗು. ಮಿಕ್ಕ ದಿನ ಅಪ್ಪನ ತೋಟ, ಬಿಕಾಂ ಕೊನೆಯ ಸೆಮಿಸ್ಟರ್. ಭಾವ ಇದನ್ನೆಲ್ಲ ಒಪ್ಪಿದ್ದಾರೆಂದು ಹೇಳಲಾರೆ. ಆದರೆ ಕಳೆದ ದೀಪಾವಳಿಗೆ ಮಗನ ಫೋಟೊ ಇದ್ದ ನೀಲಿ ಅಂಗಿಯನ್ನೇ ಹುಡುಕಿ, ಪಕ್ಕದ ಮನೆಯ ಹುಡುಗನ ಕೈಲಿ ಮೊಬೈಲಿನಲ್ಲಿ ತರಿಸಿಕೊಂಡಿದ್ದರು. ಹಬ್ಬದ ದಿನ ತೊಟ್ಟು ಕನ್ನಡಿಯ ಮುಂದೆ ಹಿಂದೆ ತಿರುಗಿ ನೋಡಿದರು. ಬೆನ್ನಿನ ಹತ್ತಿರ ಬಟ್ಟೆ ಗಾಳಿಪಟದ ಹಾಗೆ ಆಡುತ್ತಿತ್ತು.

"ಅಲ್ಲ ಕಣಪ್ಪಾ, ನಿನಗೆ ಅಷ್ಟು ಅಚ್ಚುಕಟ್ಟಾಗಿ ಕುಂತಿತ್ತಲ್ಲ, ನನಗ್ಯಾಕೆ ಹಿಂಗಾತು?"

ಅವನು ನನ್ನ ಮುಖ ನೋಡಿ ನಕ್ಕು ಒಳಗೆ ಹೋದ. ಬರುವಾಗ ಕೈಯಲ್ಲಿ ಎರಡು ಕಪ್ಪು ಕ್ಲಿಪ್ಪು ಇದ್ದವು.